ಸಕ್ಕರೆ ಅಚ್ಚಿನ ಬೆಂಕಿ

ನಮ್ಮ ಮನೆಯ ಹಿಂಬದಿಯಲ್ಲಿ ಒಂದು ಪುಟ್ಟ ಕೋಣೆ ಇದೆ. ನನ್ನ ಅತ್ತೆಯ ಪ್ರಕಾರ ಅದನ್ನು ಕಟ್ಟಿಸಿದ್ದೇ ಬೂಸಾ ಮೂಟೆ ಇಡಲು. ನನ್ನ ಪ್ರಕಾರ ಅದು ನನ್ನದು. ಬಾಬುರಾಯನಕೊಪ್ಪಲಿನ ಈ ಮನೆಯಲ್ಲಿ ಗಂಡನಿಗೆ ಜಗಲಿ ಇದೆ, ಹಸುಗಳಿಗೆ ಕೊಟ್ಟಿಗೆ ಇದೆ, ದೇವರಿಗೆ ದೇವರಮನೆ ಇದೆ, ಅತ್ತೆಗೆ ಮಿಕ್ಕಿದ್ದೆಲ್ಲ ಇದೆ. ನನಗೆ ಇರುವುದು ಆ ಕೋಣೆಯೊಂದೇ. ಅಲ್ಲಿ ಬಾಗಿಲು ಹಾಕಿಕೊಂಡು ನಾನು ರೋಬೋಟ್ ಕಟ್ಟುತ್ತೇನೆ.

ನಗುವವರು ಈಗಲೇ ನಕ್ಕುಬಿಡಿ. ನನಗೆ ಐವತ್ತೆರಡು. ಬೆಳಿಗ್ಗೆ ಸಂಜೆ ಊರಿನ ಹಾಲಿನ ಡೇರಿಯಲ್ಲಿ ಕೂತು ಯಾರ ಹಾಲಿಗೆ ಎಷ್ಟು ನೀರು ಬಿದ್ದಿದೆ ಎಂದು ನೋಡುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ಕುಕ್ಕರಿನ ಗ್ಯಾಸ್ಕೆಟ್ ತರಲು ಮೈಸೂರಿಗೆ ಹೋದವಳು ಪಕ್ಕದ ಆಟಿಕೆ ಅಂಗಡಿಯಲ್ಲಿ ಒಂದು ಡಬ್ಬ ನೋಡಿದೆ. ಮೇಲೆ ಒಂದು ದೈತ್ಯ ಯಂತ್ರ, ಹೆಗಲ ಮೇಲೆ ಫಿರಂಗಿ, ಎರಡೂ ಕೈಯಲ್ಲಿ ಬಂದೂಕು, ಬಾಯಲ್ಲಿ ಬೆಂಕಿ. ಒಳಗೆ ಇನ್ನೂರು ಚಿಲ್ಲರೆ ಪ್ಲಾಸ್ಟಿಕ್ ಚೂರು. ಗ್ಯಾಸ್ಕೆಟ್ ಮರೆತು ಅದನ್ನು ತಂದೆ. ಆ ವಾರವೆಲ್ಲ ನಮ್ಮ ಮನೆಯಲ್ಲಿ ಅನ್ನ ಪಾತ್ರೆಯಲ್ಲೇ ಬೆಂದಿತು, ಅತ್ತೆ ಅದನ್ನು ಇವತ್ತಿಗೂ ಎತ್ತಿ ಆಡುತ್ತಾರೆ.

ರೋಬೋಟ್ ಕಟ್ಟುವುದು ಅಂಥ ಕಷ್ಟವಲ್ಲ. ಕತ್ತರಿಸಿ, ಉಜ್ಜಿ, ಜೋಡಿಸಿ, ಬಣ್ಣ ಹೊಡೆದರೆ ನಿಲ್ಲುತ್ತದೆ. ಕಷ್ಟ ಇರುವುದು ಅದರ ಕೈಯಲ್ಲಿ ಗುಂಡು ಹಾರಿಸುವುದರಲ್ಲಿ. ಹಾರಿಸುವುದು ಎಂದರೆ ನಿಜವಾಗಿ ಅಲ್ಲ, ಹಾರಿದ ಆ ಕ್ಷಣವನ್ನು ಹಿಡಿದು ನಿಲ್ಲಿಸುವುದು. ಡಬ್ಬದ ಜೊತೆ ಬರುವ ಬೆಂಕಿ ಹಳದಿ ಪ್ಲಾಸ್ಟಿಕ್ಕಿನದು, ಬಾಳೆಹಣ್ಣು ಸಿಕ್ಕಿಸಿದ ಹಾಗೆ ಕಾಣುತ್ತದೆ. ಮೈಸೂರಿನಲ್ಲಿ ಪ್ರತಿ ಜನವರಿ, ಸಂಕ್ರಾಂತಿ ಕಳೆದ ಭಾನುವಾರ, ಇಂಥ ಮಾಡೆಲ್ ಕಟ್ಟುವವರ ಸ್ಪರ್ಧೆ ನಡೆಯುತ್ತದೆ. ಅದರಲ್ಲಿ ಗುಂಡು ಹಾರುವ ದೃಶ್ಯಕ್ಕೇ ಬೇರೆ ಬಹುಮಾನ. ಮೊದಲ ವರ್ಷ ನಾನು ತಂತಿಗೆ ಹತ್ತಿ ಸುತ್ತಿ, ಕೆಂಪು ಬಣ್ಣ ಊದಿ ತೆಗೆದುಕೊಂಡು ಹೋಗಿದ್ದೆ. ಬಾಗಿಲಲ್ಲೇ ಒಬ್ಬ "ಮಗಂದಾ ಮೇಡಂ?" ಎಂದ. "ನಂದೇ ಕಣಪ್ಪ, ನಿಮ್ಮಮ್ಮನಿಗೂ ಒಂದು ಮಾಡಿಕೊಡ್ಲಾ?" ಎಂದೆ. ಬಹುಮಾನ ಬರಲಿಲ್ಲ. ಮನೆಗೆ ಬಂದರೆ ಅತ್ತೆ ಕನ್ನಡಕ ಏರಿಸಿ ನೋಡಿ, "ಏನಮ್ಮಿ, ಇದು ಗುಂಡು ಆರಿಸ್ತಾ ಅದೋ, ಇಲ್ಲ ಅಜೀರ್ಣ ಆಗಿ ಅತ್ತಿ ಕಕ್ತಾ ಅದೋ?" ಎಂದರು. ಮಾರನೇ ದಿನ ಆ ಹತ್ತಿಯಲ್ಲಿ ಬಣ್ಣ ಹತ್ತದ ಭಾಗ ಕಿತ್ತು ದೀಪಕ್ಕೆ ಬತ್ತಿ ಹೊಸೆದರು.

ಎರಡನೇ ವರ್ಷ ಸಣ್ಣ ಲೈಟು ಹಾಕಿ, ಮೇಲೆ ಅಂಟಿನ ಕಡ್ಡಿ ಕರಗಿಸಿ ಸುರಿದೆ. ಅದು ಸುರಿದ ಸಿಂಬಳದ ಹಾಗಿತ್ತು. ಇದು ಅತ್ತೆ ಹೇಳಿದ ಮಾತಲ್ಲ, ನಾನೇ ಹೇಳುತ್ತಿರುವುದು. ಆ ವರ್ಷವೂ ಬರಿಗೈಲಿ ಬಂದೆ. ಅಷ್ಟರಲ್ಲಿ ಗಂಡ ಇನ್ನೆರಡು ಹಸು ತಂದಿದ್ದರು, ಬೂಸಾ ಮೂಟೆ ಜಗಲಿಯಲ್ಲಿ ನೆನೆಯುತ್ತಿತ್ತು. ಅತ್ತೆಗೆ ಸಿಕ್ಕಿತು ದಾರಿ.

"ನೋಡಮ್ಮಿ, ಇನ್ನೊಂದ್ ಸಲ ಓಗಿ ಬಾ. ಗೆದ್ದು ಬಂದ್ರೆ ಆ ಕೋಣೆ ಸಾಯೋಗಂಟ ನಿಂದು, ನಾನು ಬಾಗ್ಲಲ್ಲೂ ನಿಲ್ಲಕಿಲ್ಲ. ಬರಿಗೈಲಿ ಬಂದ್ರೆ ಬೂಸಾಕ್ಕೆ. ಏನಂತೀಯ?"

"ಆಗಲಿ ಹೋಗಿ," ಎಂದುಬಿಟ್ಟೆ. ಸಿಟ್ಟಿನಲ್ಲಿ ಕೊಟ್ಟ ಮಾತು ಕೊಟ್ಟಿಗೆಯ ಬಾಗಿಲು ತೆರೆದಿಟ್ಟ ಹಾಗೆ, ಮತ್ತೆ ಹಿಡಿದು ತರುವುದು ಕಷ್ಟ. ಆ ದಿನದಿಂದ ನನಗೆ ನಿದ್ದೆಯಲ್ಲೂ ಬೂಸಾದ ವಾಸನೆ.

ಆ ವರ್ಷವಿಡೀ ಎಲ್ಲಿ ಬೆಂಕಿ ಕಂಡರೂ ನಿಂತು ನೋಡಿದೆ. ಪಾಂಡವಪುರದ ಕಡೆ ಒಂದು ಆಲೆಮನೆ ಇದೆ, ಅಲ್ಲಿ ಕಬ್ಬಿನ ಸಿಪ್ಪೆ ಎಸೆದ ಕೂಡಲೇ ಒಲೆಯ ಬಾಯಿಂದ ಜ್ವಾಲೆ ನುಗ್ಗುತ್ತದೆ. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಅರ್ಧ ದಿನ ನೋಡಿದೆ. ಬಾಯಿಯ ಹತ್ತಿರ ಬೆಂಕಿ ಕೆಂಪಗಿರುವುದೇ ಇಲ್ಲ, ಬೆಳ್ಳಗಿರುತ್ತದೆ. ಆಮೇಲೆ ಹಳದಿ. ಕೇಸರಿ ಬರುವುದು ತುದಿಯಲ್ಲಿ, ಅದೂ ಹರಿದು ಚಿಂದಿಯಾಗಿ. ಇಷ್ಟು ವರ್ಷ ನಾನು ಬುಡಕ್ಕೇ ಕೆಂಪು ಬಳಿಯುತ್ತಿದ್ದೆ, ಥೂ ನನ್ನ ಬುದ್ಧಿಗೆ! ಬೆಲ್ಲ ಕಾಯಿಸುವವನು ಬಂದು "ಏನಕ್ಕ, ಒಲೇಲಿ ಏನಾರ ಬಿದ್ದೋಯ್ತಾ?" ಎಂದು ಕೇಳಿದ. ಇಲ್ಲಪ್ಪ, ಈಗ ಸಿಕ್ಕಿತು ಎಂದೆ.

ಬಣ್ಣ ಸಿಕ್ಕಿತು, ವಸ್ತು ಸಿಗಲಿಲ್ಲ. ಪ್ಲಾಸ್ಟಿಕ್ ಹಾಳೆ, ಮೇಣ, ಗೋಂದು, ಏನು ಹಾಕಿದರೂ ಬೆಂಕಿ ಎನಿಸಲಿಲ್ಲ. ಸಂಕ್ರಾಂತಿಗೆ ಹತ್ತು ದಿನ ಇರುವಾಗ ಅತ್ತೆ ಸಕ್ಕರೆ ಅಚ್ಚು ಹುಯ್ಯಲು ಕೂತರು. ಇದರಲ್ಲಿ ಅವರನ್ನು ಮೀರಿಸುವವರು ನಮ್ಮ ಸುತ್ತಿನಲ್ಲಿ ಯಾರೂ ಇಲ್ಲ ಎಂದು ನಾನೇ ಒಪ್ಪುತ್ತೇನೆ, ಬೇರೆ ಏನನ್ನೂ ಒಪ್ಪದಿದ್ದರೂ. ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆದು, ನಿಂಬೆರಸ ಹಿಂಡಿ, ಬೆರಳಲ್ಲಿ ಎಳೆ ನೋಡಿ, ನೀರಲ್ಲಿ ನೆನೆಸಿದ ಮರದ ಅಚ್ಚಿಗೆ ಹುಯ್ಯುತ್ತಾರೆ. ಆನೆ, ಬಸವ, ತುಳಸಿಕಟ್ಟೆ ಒಂದೊಂದಾಗಿ ಎದ್ದು ಬರುತ್ತವೆ. ಅವತ್ತು ಸೌಟಿನಿಂದ ಒಂದಿಷ್ಟು ಪಾಕ ಒದ್ದೆ ಕಲ್ಲಿನ ಮೇಲೆ ಚೆಲ್ಲಿತು. ಚೆಲ್ಲಿದ್ದು ಚೆಲ್ಲಿದ ಹಾಗೆಯೇ ಹೆಪ್ಪುಗಟ್ಟಿತು. ಅಂಚೆಲ್ಲ ಹರಿದು, ಎಳೆ ಎಳೆಯಾಗಿ, ಬುಡ ಬೆಳ್ಳಗೆ.

"ಅತ್ತೆ, ಕದಲಬೇಡಿ!" ಎಂದು ಕಿರುಚಿದೆ.

"ಯಾಕಮ್ಮಿ, ಆವು ಬಂತಾ?" ಎಂದು ಅವರು ಸೌಟು ಎತ್ತಿಕೊಂಡು ಮಣೆಯ ಮೇಲೆ ಹತ್ತಿದರು.

ಆ ದಿನ ಸಂಜೆ ಮೆತ್ತನೆಯ ಮರದ ತುಂಡು ಸೀಳಿ ಒಳಗೆ ಬೆಂಕಿಯ ಆಕಾರದ ಅಚ್ಚು ಕೆತ್ತಿದೆ. ದೊಡ್ಡದೊಂದು ಹೆಗಲ ಫಿರಂಗಿಗೆ, ಸಣ್ಣವೆರಡು ಕೈ ಬಂದೂಕಿಗೆ. ಅತ್ತೆ ಸುಮ್ಮನೆ ಒಪ್ಪಲಿಲ್ಲ. "ನನ್ ಪಾತ್ರೆಗೆ ನಿನ್ ಪೇಂಟು ಗೀಂಟು ತಾಕಿದ್ರೆ ಕೈ ಕಡೀತೀನಿ" ಎಂದರು. ಹಾಗಾಗಿ ಜಿಲೇಬಿಗೆ ಹಾಕುವ ಬಣ್ಣವನ್ನೇ ಬೆರೆಸಿದೆವು. ಮೊದಲು ಬಿಳಿ, ಅದು ಬಿಗಿಯುವ ಮುಂಚೆ ಹಳದಿ, ತುದಿಗೆ ಕೇಸರಿ. ಹುಯ್ದದ್ದು ಅವರು, ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತದ್ದು ನಾನು. ಅಚ್ಚು ಬಿಚ್ಚಿ ರೋಬೋಟಿನ ಹೆಗಲಿಗೆ ಹಿಡಿದು ನೋಡಿದರೆ, ಅಯ್ಯಪ್ಪ, ಗುಂಡು ಹಾರಿತ್ತು! ಗೆದ್ದೆ ಎಂದುಕೊಂಡೆ. ಮೂರೂ ಬೆಂಕಿಗಳನ್ನು ತೇವ ತಾಕದಿರಲೆಂದು ಅಕ್ಕಿ ತುಂಬಿದ ಸ್ಟೀಲ್ ಡಬ್ಬದಲ್ಲಿ ಹೂತು, ಅಡುಗೆಮನೆಯ ಗೂಡಿನಲ್ಲಿಟ್ಟೆ.

ಸಂಕ್ರಾಂತಿ ಬಂತು. ಹಸುಗಳಿಗೆ ಹಬ್ಬ ಗೊತ್ತಾದರೂ ಅವುಗಳ ಕೆಚ್ಚಲಿಗೆ ಗೊತ್ತಾಗುವುದಿಲ್ಲ, ಹಾಗಾಗಿ ಸಂಜೆ ನಾನು ಡೇರಿಯಲ್ಲಿದ್ದೆ. ಗಂಡ ಕಿಚ್ಚು ಹಾಯಿಸಲು ಹಸು ಹೊಡೆದುಕೊಂಡು ಹೋಗಿದ್ದರು. ಅವತ್ತು ಶ್ರೀರಂಗಪಟ್ಟಣದಲ್ಲಿ ನೆಂಟರ ಮನೆಯಲ್ಲಿ ಒಂದು ಕಾರ್ಯವಿದ್ದುದರಿಂದ ಬಂಧುಗಳೆಲ್ಲ ಈ ಕಡೆ ಬಂದಿದ್ದರು, ಹೋಗುವಾಗ ನಮ್ಮ ಮನೆ ಹೊಕ್ಕು ಎಳ್ಳು ಬೆಲ್ಲ ತೆಗೆದುಕೊಂಡು ಹೋದರು. ನಾನು ಮನೆಗೆ ಬಂದು ಡಬ್ಬ ತೆಗೆದೆ. ಅಕ್ಕಿ ಇತ್ತು, ಬೆಂಕಿ ಇರಲಿಲ್ಲ.

"ಆನೆ, ಬಸವ, ತುಳಸಿಕಟ್ಟೆ ಎಲ್ಲಾ ಕಾಲಿ ಆಗೋಯ್ತು," ಅತ್ತೆ ಎಲೆ ಮಡಿಸುತ್ತ ಹೇಳಿದರು. "ಇನ್ನೂ ಮೂರ್ ಜನ ಕೂತಿದ್ರು. ಅದನ್ನ ಕೊಟ್ಬುಟ್ಟೆ."

"ಅದು ನನ್ನ ಸ್ಪರ್ಧೇದು ಅತ್ತೆ!"

"ಸಕ್ರೆ ತಾನೆ? ನಾನು ಉಯ್ದಿದ್ದು ತಾನೆ? ಸಂಕ್ರಾಂತಿ ದಿವ್ಸ ಮನೇಲಿ ಅಚ್ಚು ಮಡಿಕೊಂಡು, ಬಂದೋರ್ಗೆ ಬರೀ ಎಳ್ಳು ಕೊಟ್ಟು ಕಳುಸ್ಲಾ? ನಮ್ ಮನೆ ಮರ್ವಾದೆ ಏನಾಗ್ಬೇಕು?"

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಕೋಣೆಗೋಸ್ಕರ ಬೇಕೆಂದೇ ಮಾಡಿದ್ದೀರಿ ಎಂದೂ ಅಂದೆ. ಅತ್ತೆ ಎಲೆ ಬಾಯಿಗೆ ಹಾಕಿಕೊಂಡು ಜಗಿದರು. ಮತ್ತೆ ಹುಯ್ದು ಕೊಡಿ ಎಂದರೆ, ಹಬ್ಬ ಕಳೆದ ಮೇಲೆ ಈ ಮನೆಯ ಒಲೆಯಲ್ಲಿ ಅಚ್ಚಿನ ಪಾಕ ಏರಿಸುವ ಪದ್ಧತಿ ಇಲ್ಲ, ಅವರ ಅತ್ತೆಯ ಕಾಲದಿಂದಲೂ ಇಲ್ಲ ಎಂದರು. ನಾನೇ ಏರಿಸಿದೆ. ಒಂದು ಸಲ ಸೀದು ಹೋಯಿತು, ಇನ್ನೊಂದು ಸಲ ಅಚ್ಚಿಗೆ ಅಂಟಿಕೊಂಡು ಚೂರು ಚೂರಾಯಿತು. ಹಾಲಲ್ಲಿ ನೀರು ಕಂಡುಹಿಡಿಯುವವಳಿಗೆ ಪಾಕದಲ್ಲಿ ಎಳೆ ಕಂಡುಹಿಡಿಯಲು ಬರಲಿಲ್ಲ. ಸ್ಪರ್ಧೆಗೆ ಮೂರು ದಿನ ಇತ್ತು. ಕೊಟ್ಟದ್ದನ್ನು ವಾಪಸ್ ಕೇಳುವಷ್ಟು ಮಾನಗೆಟ್ಟವಳಾಗದೆ ಬೇರೆ ದಾರಿ ಇರಲಿಲ್ಲ.

ಶನಿವಾರ ಬೆಳಗಿನ ಹಾಲು ಮುಗಿಸಿ, ಯಾವುದು ಯಾರಿಗೆ ಹೋಯಿತೆಂದು ಅತ್ತೆಯ ಬಾಯಿ ಬಿಡಿಸಿ ಸ್ಕೂಟರ್ ಏರಿದೆ. ಮೊದಲು ಪಾಂಡವಪುರ, ತೊಣ್ಣೂರಿಗೆ ಹೋಗುವ ರಸ್ತೆಯಲ್ಲಿ ನನ್ನ ನಾದಿನಿಯ ಮನೆ. ಅವಳು ನನ್ನನ್ನು ನೋಡಿ "ಯಾರಾರ ಓದ್ರಾ ಅತ್ಗೆ?" ಎಂದು ಎದೆ ಹಿಡಿದುಕೊಂಡಳು. ಇಲ್ಲ, ಸಕ್ಕರೆ ಅಚ್ಚಿಗೆ ಬಂದೆ ಎಂದೆ. ಅವಳ ಗಂಡ ಜಗಲಿಯಲ್ಲಿ ಲೋಟ ಹಿಡಿದು ಕೂತಿದ್ದ. ಬೆಳಿಗ್ಗೆ ಮನೆಯಲ್ಲಿ ಸಕ್ಕರೆ ಮುಗಿದಿತ್ತಂತೆ, ಡಬ್ಬದಲ್ಲಿ ಇದು ಕಂಡಿತಂತೆ. "ಕಾಪಿ ಮಾತ್ರ ಯಾಕೋ ಅಳದಿಗೆ ತಿರುಗ್ತು," ಎಂದು ಲೋಟ ತೋರಿಸಿದ. ನನ್ನ ಎಡಗೈ ಬಂದೂಕಿನ ಬೆಂಕಿಯನ್ನು ಅವನು ಸುರ್ ಎಂದು ಕುಡಿದು ಮುಗಿಸುವುದನ್ನು ನಿಂತು ನೋಡಿದೆ.

ಅಲ್ಲಿಂದ ಕೆ.ಆರ್. ಪೇಟೆ, ನನ್ನ ಸ್ವಂತ ಅಕ್ಕನ ಮನೆ. ಅವಳು ಅದನ್ನು ಹೂವೆಂದುಕೊಂಡು ದೇವರ ಪಟದ ಮುಂದೆ ಇಟ್ಟಿದ್ದಳು. ದೇವರು ಮುಟ್ಟಿರಲಿಲ್ಲ, ಇರುವೆ ಮುಟ್ಟಿತ್ತು. ಅಂಚೆಲ್ಲ ಕೊರೆದು ತೂತು ಮಾಡಿತ್ತು. ಇರುವೆ ಕೊಡವಿ ಬೆಳಕಿಗೆ ಹಿಡಿದರೆ, ನಾನು ಉಳಿಯಲ್ಲಿ ಕೆತ್ತಿದ್ದಕ್ಕಿಂತ ಅದೇ ನಿಜವಾದ ಬೆಂಕಿಯ ಹಾಗಿತ್ತು. ಇರುವೆಗಳಿಗಿರುವ ಕೈಚಳಕ ನನಗಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಅಕ್ಕ ಊಟ ಮಾಡಿಕೊಂಡು ಹೋಗು ಎಂದಳು. ಅದನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಮುದ್ದೆ ನುಂಗಿ ಎದ್ದೆ.

ದೊಡ್ಡ ಬೆಂಕಿ ನಾಗಮಂಗಲದಲ್ಲಿತ್ತು, ಅತ್ತೆಯ ತಂಗಿಯ ಮನೆಯಲ್ಲಿ. ಆಕೆಗೆ ಸಕ್ಕರೆ ಕಾಯಿಲೆ, ಹಾಗಾಗಿ ಮುಟ್ಟಿರುವುದಿಲ್ಲ ಎಂದು ದಾರಿಯುದ್ದಕ್ಕೂ ಧೈರ್ಯ ತಂದುಕೊಂಡಿದ್ದೆ. ಹೋಗಿ ಕೇಳಿದರೆ "ಯಾವ ಅಚ್ಚು? ಗ್ಯಾಪ್ನ ಇಲ್ವಲ್ಲ ಮಗ," ಎಂದಳು. ಸೊಸೆ ಪಕ್ಕದಲ್ಲೇ ನಿಂತಿದ್ದಳು. ನನಗೆ ಅನುಮಾನ ಬಂದು, "ಚಿಕ್ಕತ್ತೆ, ಸ್ವಲ್ಪ ನಾಲಿಗೆ ತೆಗೀರಿ," ಎಂದೆ. ಮುದುಕಿ ಬಾಯಿ ಬಿಗಿಯಾಗಿ ಮುಚ್ಚಿದಳು. ಸೊಸೆ "ತೆಗೀರಿ ಅತ್ತೆ" ಎಂದಳು. ತೆಗೆದಳು. ನಾಲಿಗೆ ಅಚ್ಚ ಕೇಸರಿ. ಸೊಸೆ ಕಿರುಚಾಡಲು ಶುರು ಮಾಡಿದಳು. ಚಿಕ್ಕತ್ತೆ ನನ್ನನ್ನು ಕೆಂಗಣ್ಣಿನಿಂದ ನೋಡಿ, ದಿಂಬಿನ ಕೆಳಗಿನಿಂದ ಹೆಬ್ಬೆರಳಿನಷ್ಟು ಉಳಿದಿದ್ದ ತುಂಡು ತೆಗೆದು ನನ್ನ ಕೈಗೆ ಬಡಿದಳು. ಅದನ್ನು ಬೀದಿಗೆ ಎಸೆದು ಸ್ಕೂಟರ್ ಹತ್ತಿದೆ.

ಮನೆಗೆ ಬರುವಾಗ ಹೊತ್ತು ಮುಳುಗುತ್ತಿತ್ತು. ಕರ್ಚೀಫು ಬಿಚ್ಚಿ ಅತ್ತೆಯ ಮುಂದಿಟ್ಟೆ. "ಮೂರರಲ್ಲಿ ಒಂದು. ಅದೂ ಇರುವೆ ಎಂಜಲು. ಬೂಸಾ ತರಿಸಿಕೊಳ್ಳಿ ನಾಳೆ," ಎಂದೆ. ಮೂವತ್ತು ವರ್ಷ ಈ ಮನೆಯಲ್ಲಿ ದುಡಿದವಳಿಗೆ ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಉಳಿಯಲಿಲ್ಲವಲ್ಲ ಎನ್ನುವುದೇ ನನ್ನ ದುಃಖ, ರೋಬೋಟಿನದಲ್ಲ. ಅತ್ತೆ ಆ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿ ಒಳಗೆ ಹೋದರು.

ಭಾನುವಾರ ಬೆಳಿಗ್ಗೆ ನಾನು ಹೊರಡುವಾಗ ಅತ್ತೆ ರೇಷ್ಮೆ ಅಂಚಿನ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಚೀಲ. ಚೀಲದಲ್ಲಿ ಹಿತ್ತಾಳೆ ಪಾತ್ರೆ, ಸೌಟು, ಎರಡು ಕೆಜಿ ಸಕ್ಕರೆ, ನಿಂಬೆಹಣ್ಣು, ಜಿಲೇಬಿ ಬಣ್ಣ, ನನ್ನ ಅಚ್ಚು.

"ಈ ಮನೆ ಒಲೇಲಿ ಉಯ್ಯಂಗಿಲ್ಲ ಅಂದೆ. ಮೈಸೂರ್ನಾಗೆ ಉಯ್ಯಂಗಿಲ್ಲ ಅಂತ ನಮ್ಮತ್ತೆ ಯೋಳಿರ್ನಿಲ್ಲ. ನಡಿಯಮ್ಮಿ, ಬಸ್ಸು ಓಯ್ತದೆ."

ಸ್ಪರ್ಧೆ ನಡೆಯುತ್ತಿದ್ದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಅತ್ತೆ ನೇರ ಹಿಂದಿನ ಅಡುಗೆಮನೆಗೆ ನುಗ್ಗಿ, ಟೀ ಕಾಯಿಸುತ್ತಿದ್ದವನನ್ನು "ಅತ್ತಾಗ್ ಸರ್ಕಳ್ಲಾ" ಎಂದು ಬದಿಗೆ ಸರಿಸಿ ಪಾಕ ಏರಿಸಿದರು. ಅರ್ಧ ಗಂಟೆಯಲ್ಲಿ ಮೂರು ಬೆಂಕಿ ತಯಾರು. ಆಮೇಲೆ ಸೆರಗಲ್ಲಿ ಕೈ ಒರೆಸಿಕೊಂಡು ಬಂದು ಮೇಜಿನ ಮೇಲಿದ್ದ ನನ್ನ ರೋಬೋಟನ್ನು ದಿಟ್ಟಿಸಿದರು.

"ಗುಂಡು ಒಡೆದೋನು ಇಂಗೆ ಮದ್ವೆ ಗಂಡಿನಂಗೆ ನೆಟ್ಗೆ ನಿಂತಿರ್ತಾನಾ? ನಮ್ಮಪ್ಪ ಅಂದಿ ಓಡ್ಸಕೆ ಕೋವಿ ಮಡಿಕೊಂಡಿದ್ದ. ಒಂದ್ ಏಟು ಒಡುದ್ರೆ ಎರಡು ಎಜ್ಜೆ ಇಂದಕ್ಕೋಯ್ತಿದ್ದ. ಬಗ್ಸು ಅದನ್ನ."

ಮೂರು ವರ್ಷದಿಂದ ಇದು ನನ್ನ ತಲೆಗೆ ಹೊಳೆದಿರಲಿಲ್ಲ. ರೋಬೋಟಿನ ಸೊಂಟ ಹಿಂದಕ್ಕೆ ಬಾಗಿಸಿದೆ, ಒಂದು ಕಾಲನ್ನು ಹಲಗೆಯ ಮೇಲೆ ಹರಡಿದ್ದ ಮಣ್ಣಿನಲ್ಲಿ ಜಾರಿಸಿದೆ, ಫಿರಂಗಿಯ ಕೊಳವೆಯನ್ನು ಒಳಕ್ಕೆ ತಳ್ಳಿದೆ. ಅತ್ತೆ ಚಿಟಿಕೆ ಸಕ್ಕರೆ ಪುಡಿಯನ್ನು ಕಾಲಿನ ಬಳಿ ಊದಿದರು, ಧೂಳು ಎದ್ದಿತು. ಪಕ್ಕದ ಮೇಜಿನವರು ತಮ್ಮ ಕೆಲಸ ಬಿಟ್ಟು ಬಂದು ನೋಡತೊಡಗಿದರು. ಒಬ್ಬನೂ ಮಗಂದಾ ಎಂದು ಕೇಳಲಿಲ್ಲ.

ತೀರ್ಪುಗಾರ ಬಂದ. ಭೂತಗನ್ನಡಿ ಹಿಡಿದು ಬುಡದಿಂದ ತುದಿಯವರೆಗೆ ನೋಡಿದ, ಮತ್ತೆ ನೋಡಿದ. "ಅದ್ಭುತ ಮೇಡಂ. ಯಾವ ಮೆಟೀರಿಯಲ್ಲು?"

"ಸಕ್ಕರೆ," ಎಂದೆ.

ಅವನ ಮುಖ ಇಳಿಯಿತು. ಕೈಯಲ್ಲಿದ್ದ ಹಾಳೆ ತಿರುವಿದ. ತಿನ್ನುವ ವಸ್ತು, ಕರಗುವ ವಸ್ತು ಸ್ಪರ್ಧೆಗೆ ತಗೊಳ್ಳೋ ಹಾಗಿಲ್ಲ ಮೇಡಂ, ಶಾಶ್ವತವಾಗಿ ಉಳಿಯೋದು ಇರಬೇಕು, ನಿಯಮ ಎಂದ. ನಿಯಮದ ಹಾಳೆ ನನ್ನ ಹತ್ತಿರವೂ ಮೂರು ವರ್ಷದಿಂದ ಇತ್ತು. ಮೊದಲ ಪುಟ ಮಾತ್ರ ಓದಿದ್ದೆ.

"ಏನಪ್ಪ ಅದು, ಸಾಸ್ವತ?" ಅತ್ತೆ ಮುಂದೆ ಬಂದರು. "ಗುಂಡು ಆರ್ದಾಗ ಬೆಂಕಿ ಎಷ್ಟೊತ್ತು ಇರ್ತದೆ? ಕಣ್ ಮುಚ್ಚಿ ಬುಡೋದ್ರಲ್ಲಿ ಓಯ್ತದೆ. ಇದು ಮದ್ಯಾನಗಂಟ ಇರ್ತದಲ್ಲ, ಸಾಲ್ದಾ?"

ಅವನಿಗೂ ನಗು ಬಂತು, ಆದರೆ ನಿಯಮ ನಿಯಮವೇ. ಬಹುಮಾನ ಪ್ಲಾಸ್ಟಿಕ್ಕಿಗೆ ಲೈಟು ಹಾಕಿದ್ದ ಇನ್ನೊಬ್ಬನಿಗೆ ಹೋಯಿತು. ಅತ್ತೆ ನಮ್ಮ ದೊಡ್ಡ ಬೆಂಕಿಯನ್ನು ಕಿತ್ತು, ಚೂರು ಮಾಡಿ, ಸುತ್ತ ನಿಂತಿದ್ದವರಿಗೆಲ್ಲ ಹಂಚಿದರು. ತೀರ್ಪುಗಾರನಿಗೂ ಒಂದು ತುಂಡು ಕೊಟ್ಟರು. ಅವನು ಬೇಡವೆನ್ನಲಾರದೆ ಬಾಯಿಗೆ ಹಾಕಿಕೊಂಡ.

ಮನೆಗೆ ಬಂದರೆ ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಗಂಡ ನಮ್ಮ ಫಲಿತಾಂಶ ಕೇಳುವ ಮೊದಲೇ ಬೂಸಾ ಮೂಟೆಗಳನ್ನು ಒಳಗೆ ಪೇರಿಸಿ, ನನ್ನ ಬಣ್ಣದ ಡಬ್ಬ, ಉಳಿ, ಅರ್ಧ ಕಟ್ಟಿದ ಯಂತ್ರಗಳನ್ನೆಲ್ಲ ಒಂದು ಮಂಕರಿಗೆ ತುಂಬಿ ಜಗಲಿಯಲ್ಲಿಟ್ಟಿದ್ದರು. ಮಾತು ಕೊಟ್ಟವಳು ನಾನು. ಮಂಕರಿಯ ಮುಂದೆ ಕೂತುಬಿಟ್ಟೆ, ಕಣ್ಣಲ್ಲಿ ನೀರು ತಾನಾಗಿ ಸುರಿಯಿತು.

ಅತ್ತೆ ಚೀಲ ಕೆಳಗಿಟ್ಟು ಕೋಣೆಯೊಳಗೆ ಇಣುಕಿದರು.

"ಮೂಟೆನೆಲ್ಲ ಆಚ್ಗಾಕ್ಲಾ."

"ನೀನೇ ಯೋಳಿದ್ದಲ್ಲವ್ವ, ಬರಿಗೈಲಿ ಬಂದ್ರೆ ಬೂಸಾಕ್ಕೆ ಅಂತ?" ಎಂದರು ಗಂಡ.

"ಯೋಳಿದ್ದೆ. ಅವಾಗ ಸೋಲೋಳು ಇವ್ಳು ಅಂದ್ಕಂಡಿದ್ದೆ. ಇವತ್ತು ಸೋತಿರೋದು ನಾನು ಕಣ್ಲಾ. ಅಂಗೆ ಬುಟ್ಟುಬುಡ್ತೀನಾ? ಆಕು ಆಚ್ಗೆ."

ಗಂಡ ಗೊಣಗುತ್ತ ಮೊದಲ ಮೂಟೆ ಹೆಗಲಿಗೇರಿಸಿದರು. ಅತ್ತೆ ಮಂಕರಿಯನ್ನು ತಾವೇ ಎಳೆದುಕೊಂಡು ಒಳಗೆ ಹೋಗಿ, ಅಲ್ಲಿದ್ದ ಒಂದೇ ಸ್ಟೂಲಿನ ಮೇಲೆ ಕೂತು, ಕರಗದೆ ಇರುವಂಥದ್ದು ಏನೇನಿದೆ ತೋರಿಸು ಎಂದರು. ನಾನು ಕಣ್ಣೊರೆಸಿಕೊಂಡು ಇನ್ನೊಂದು ಸ್ಟೂಲ್ ತರಲು ಅಡುಗೆಮನೆಗೆ ಹೋದೆ.